ಟಂಟಂ ಹತ್ತಿ ಹೋದ ತಾಯಿದನಿ

ದೊಡ್ಡವ್ವನ ಕೈಯಿಂದ ಬಣ್ಣದ ಡಬ್ಬಿ ಕಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಆದದ್ದೆಲ್ಲ ಗಾಳಿಯ ತಪ್ಪು ಅಂತ ಓದುವವರಿಗೆ ಅನ್ನಿಸಿ, ನಾನು ಪುಕ್ಕಟೆ ಪಾರಾಗಿಬಿಡುತ್ತೇನೆ.

ನಾನಾಗ ಶಹಾಪುರದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೆ. ನಮ್ಮದು ಹುಣಸಗಿ ಕಡೆಯ ಕುರಿ ಸಾಕುವ ಮನೆತನ. ಆ ಬೇಸಿಗೆಯಲ್ಲಿ ನಮ್ಮ ಹಿಂಡು ಶಹಾಪುರದ ಹೊರಗೆ, ಕಾಲುವೆ ಪಕ್ಕದ ಭತ್ತ ಕೊಯ್ದ ಗದ್ದೆಯಲ್ಲಿ ಬೀಡುಬಿಟ್ಟಿತ್ತು. ರಾತ್ರಿ ಕುರಿ ಮಲಗಿದ ಹೊಲಕ್ಕೆ ಗೊಬ್ಬರ ಬೀಳುತ್ತದೆ ಅಂತ ರೈತರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಬೆಳಿಗ್ಗೆ ದೊಡ್ಡಪ್ಪ ದೊಡ್ಡ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದರೆ, ಸಣ್ಣ ಮರಿಗಳು ಸುತ್ತ ಬಲೆ ಕಟ್ಟಿದ ದೊಡ್ಡಿಯಲ್ಲೇ ಉಳಿಯುತ್ತವೆ. ಅವುಗಳ ಹೊಣೆ ದೊಡ್ಡವ್ವನದು. ಆ ಸಲ ನಲವತ್ತು ಮರಿಗಳಿದ್ದವು.

ನನ್ನ ಪ್ರಾಜೆಕ್ಟ್ ಇವೇ ಮರಿಗಳು. ಫೋನಿನ ಕ್ಯಾಮೆರಾ ಹಿಡಿದರೆ ಮರಿಯ ಮುಖ ನೋಡಿ, ಇದು ಯಾವ ಕುರಿಯ ಮರಿ ಎಂದು ಹೇಳುವ ಆ್ಯಪ್. ಜೊತೆಗೊಂದು ವೆಬ್ ಪುಟ. ಅದರಲ್ಲಿ ಪ್ರತಿ ಮರಿಯ ಫೋಟೊ, ತಾಯಿಯ ಹೆಸರು, ಹುಟ್ಟಿದ ವಾರ, ಒಂದೆರಡು ವಿಡಿಯೊ. ಒಂದೊಂದು ಮರಿಗೆ ಅರವತ್ತು ಫೋಟೊ ತೆಗೆದು, ಪುಕ್ಕಟೆ ಸಿಗುವ ಕ್ಲೌಡ್ ಯಂತ್ರದ ಮೇಲೆ, ಮುಖ ಗುರುತಿಸಲು ಕಲಿಯುವ ಕಂಪ್ಯೂಟರ್ ಮಾದರಿಯನ್ನು ತರಬೇತುಗೊಳಿಸಿ, ನೆಟ್ ಇಲ್ಲದೆಯೂ ನಡೆಯುವಂತೆ ಫೋನಿಗೆ ಇಳಿಸಿದ್ದೆ. ಮೊದಲನೆಯ ಸಲ ಅದು ದಡ್ಡತನ ಮಾಡಿತು. ಮರಿಗಳ ಹಣೆಗೆ ದೊಡ್ಡವ್ವ ಹಚ್ಚಿದ ಕೆಂಪು ಬಣ್ಣ ಒಂದೊಂದರ ಮೇಲೆ ಒಂದೊಂದು ಥರ ಹರಡಿತ್ತು. ಮಾದರಿ ಮುಖ ಬಿಟ್ಟು ಆ ಬಣ್ಣವನ್ನೇ ಕಲಿತುಕೊಂಡಿತ್ತು. ಬಣ್ಣ ಮಾಸುತ್ತಲೇ ಅದರ ವಿದ್ಯೆಯೂ ಮಾಸಿತು.

ಹಾಗಾಗಿ ಆಮೇಲೆ ಹುಟ್ಟಿದ ಈ ನಲವತ್ತು ಮರಿಗಳಿಗೆ ಬಣ್ಣ ಹಚ್ಚಬೇಡ ಎಂದು ದೊಡ್ಡವ್ವನಿಗೆ ಗಂಟುಬಿದ್ದೆ. ಬಣ್ಣವೆಂದರೆ ಅವಳಿಗೆ ಬರೀ ಗುರುತಲ್ಲ. ಸೋಮವಾರ ಮೈತೊಳೆದುಕೊಂಡು, ದೇವರ ಹೆಸರು ಹೇಳಿ ಹಚ್ಚುತ್ತಾಳೆ. ಹಚ್ಚಿದ ಮೇಲೆ ಮರಿ ಹಿಂಡಿನದಾಯಿತು ಎಂದು ಲೆಕ್ಕ. ಆದರೂ ನನ್ನ ಮುಖ ನೋಡಿ ಒಪ್ಪಿದಳು.

"ಆತು ತಗೋ. ನಿನ್ನ ಫೋನಿಗಿ ಮಾರಿ ಗುರ್ತ ಸಿಕ್ರ ನನಗೂ ಒಂದ ಕಣ್ಣ ಹೆಚ್ಚಾದಂಗ," ಎಂದಳು.

ಬಣ್ಣವಿಲ್ಲದ ಮುಖಗಳ ಮೇಲೆ ಮಾದರಿ ಚೆನ್ನಾಗಿ ಓಡಿತು. ಪರೀಕ್ಷೆಗೆಂದು ತೆಗೆದಿಟ್ಟ ಫೋಟೊಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸರಿ ಬಂದವು. ಪ್ರಾಜೆಕ್ಟ್ ನೋಡಿಕೊಳ್ಳುವ ಸರ್ ಭೇಷ್ ಎಂದರು. ಪರೀಕ್ಷೆಯ ಫೋಟೊಗಳೂ ಕಲಿಕೆಯ ಫೋಟೊಗಳೂ ಒಂದೇ ಮಧ್ಯಾಹ್ನ, ಒಂದೇ ಬಲೆಯ ಮುಂದೆ, ಸಾಲಾಗಿ ಕ್ಲಿಕ್ಕಿಸಿದವು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಉತ್ತರ ತೋರಿಸಿ ಪರೀಕ್ಷೆ ಬರೆಸಿದ ಹಾಗಿತ್ತು ಅದು.

ಒಂದು ಸೋಮವಾರ ಮಧ್ಯಾಹ್ನ ಬಿರುಗಾಳಿ ಎದ್ದಿತು. ನಮ್ಮ ಪಕ್ಕದ ಗದ್ದೆಯಲ್ಲಿ ಇನ್ನೊಂದು ಹಿಂಡಿನವರಿದ್ದರು. ಆವತ್ತು ಅವರು ಸುರಪುರದ ಆಚೆಗೆ ಬೀಡು ಬದಲಿಸುವ ದಿನ. ಅವರ ದೊಡ್ಡ ಕುರಿಗಳು ನಸುಕಿನಲ್ಲೇ ನಡೆದು ಹೋಗಿದ್ದವು. ಮರಿಗಳನ್ನು ಗೂಡ್ಸ್ ಗಾಡಿಯಲ್ಲಿ ಒಯ್ಯಲು ಒಬ್ಬ ಹೆಣ್ಣುಮಗಳು ಹಿಂದೆ ಉಳಿದಿದ್ದಳು. ದೊಡ್ಡವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಗಾಳಿಗೆ ಎರಡೂ ದೊಡ್ಡಿಗಳ ಗೂಟ ಕಿತ್ತವು. ಧೂಳು ಇಳಿದಾಗ ಅವರ ಮರಿ, ನಮ್ಮ ಮರಿ ಎಲ್ಲ ಕಾಲುವೆಯ ಏರಿಯ ಮೇಲೆ ಒಂದೇ ಮುದ್ದೆಯಾಗಿ ನಿಂತಿದ್ದವು.

ಅವರ ಬಲಿತ ಮರಿಗಳಿಗೆ ನೀಲಿ ಬಣ್ಣವಿತ್ತು. ಎಳೆಯವಕ್ಕೆ ಆ ಸೋಮವಾರ ಹೊಸ ಬೀಡಿನಲ್ಲಿ ಹಚ್ಚಬೇಕಾಗಿತ್ತು. ನಮ್ಮವಕ್ಕೆ ನನ್ನ ಕೃಪೆಯಿಂದ ಏನೂ ಇರಲಿಲ್ಲ. ಇಬ್ಬರೂ ಕೂತು ಒಂದೊಂದನ್ನೇ ಎತ್ತಿ ಧೂಳೊರೆಸಿ ಬೇರ್ಪಡಿಸಿದರು. ಕೊನೆಗೆ ಹದಿನಾಲ್ಕು ಮರಿ ಉಳಿದವು. ಎಲ್ಲವೂ ಕರಿಯವು, ಎಲ್ಲವೂ ಒಂದೇ ಪ್ರಾಯದವು. ನಮ್ಮ ಲೆಕ್ಕದಲ್ಲಿ ಏಳು ಕಡಿಮೆ, ಅವರದರಲ್ಲಿ ಏಳು ಕಡಿಮೆ. ಸಂಜೆ ಕುರಿ ಬಂದ ಮೇಲೆ ತಾಯಂದಿರೇ ಗುರುತು ಹಿಡಿಯಲಿ ಎಂದಳು ದೊಡ್ಡವ್ವ. ಆದರೆ ಆ ಹೆಣ್ಣುಮಗಳ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ, ಅವಳ ತಾಯಿಕುರಿಗಳು ಮುಂದೆ ಹೋಗಿಬಿಟ್ಟಿದ್ದವು.

ನಾನು ಫೋನು ತೆಗೆದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ. ಮೊದಲ ಮರಿಗೆ ಹಿಡಿದೆ. ನಮ್ಮ ಕುರಿಯೊಂದರ ಹೆಸರು ಬಂತು, ನೂರಕ್ಕೆ ತೊಂಬತ್ತರ ಮೇಲೆ. ಎರಡನೆಯದು, ಅದೂ ನಮ್ಮದು. ಮೂರನೆಯದು, ನಾಲ್ಕನೆಯದು, ಹೀಗೆ ಏಳು. ನಲವತ್ತು ಭರ್ತಿಯಾದವು. ಉಳಿದ ಏಳಕ್ಕೆ ನಾನು ಕ್ಯಾಮೆರಾ ಹಿಡಿಯಲೇ ಇಲ್ಲ. ಲೆಕ್ಕ ಸರಿಹೋದ ಮೇಲೆ ಮತ್ತೇನು ನೋಡುವುದು?

ಆ ಹೆಣ್ಣುಮಗಳು ಪರದೆಯನ್ನೂ ನನ್ನನ್ನೂ ನೋಡಿದಳು. ಒಂದು ಮರಿಯ ಮೇಲೆ ಅವಳಿಗೆ ಅನುಮಾನವಿತ್ತು, ಅದನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು.

"ಮಿಷನ್ನು ಹೇಳಿದ ಮ್ಯಾಲ ಮುಗೀತು. ಒಯ್ರಿ," ಎಂದು ಅದನ್ನೂ ನನ್ನ ಕೈಗಿಟ್ಟು ಗಾಡಿ ಹತ್ತಿದಳು.

ಸಂಜೆ ಕುರಿಗಳು ಬಂದವು. ನಾನು ಹುಟ್ಟಿದಾಗಿನಿಂದ ನೋಡಿದ ದೃಶ್ಯ ಅದು, ಆದರೆ ಆವತ್ತು ಮೊದಲ ಸಲ ಉಸಿರು ಬಿಗಿಹಿಡಿದು ನೋಡಿದೆ. ಹಿಂಡು ಇನ್ನೂ ಏರಿಯ ಆಚೆ ಇರುವಾಗಲೇ ತಾಯಂದಿರ ಕೂಗು ಶುರುವಾಗುತ್ತದೆ. ಇತ್ತ ಮರಿಗಳೂ ಕೂಗುತ್ತವೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ. ಬಲೆ ಎತ್ತಿದರೆ, ಆ ಗದ್ದಲದಲ್ಲೇ ಒಂದೊಂದು ಮರಿಯೂ ತನ್ನ ತಾಯಿಯ ಕಡೆಗೇ ಓಡಿ, ನಾಲ್ಕೈದು ನಿಮಿಷದಲ್ಲಿ ಇಡೀ ಗದ್ದೆ ತಣ್ಣಗಾಗಿ ಹಾಲು ಚೀಪುವ ಸದ್ದಷ್ಟೇ ಉಳಿಯುತ್ತದೆ. ಆವತ್ತು ಗದ್ದೆ ತಣ್ಣಗಾಗಲಿಲ್ಲ. ಐದು ಮರಿಗಳನ್ನು ಎಲ್ಲ ತಾಯಂದಿರೂ ಹಾಯ್ದು ದೂಡಿದವು. ಐದು ಕುರಿಗಳು ಕೆಚ್ಚಲು ತುಂಬಿಕೊಂಡು, ಕೂಗುತ್ತ ದೊಡ್ಡಿ ಸುತ್ತಿದವು. ಏಳರಲ್ಲಿ ಎರಡನ್ನು ಮಾತ್ರ ನನ್ನ ಆ್ಯಪ್ ಸರಿ ಹೇಳಿತ್ತು.

ದೊಡ್ಡವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಕುರಿಯ ಕಾಲು ಹಿಡಿದು ಆ ಐದು ಪರಕೀಯ ಮರಿಗಳಿಗೆ ಬಲವಂತದಿಂದ ಹಾಲು ಕುಡಿಸುತ್ತಿದ್ದಳು. ನಾನು ತಲೆ ಕೆಟ್ಟು ಫೋನನ್ನು ನಮ್ಮ ಕರಿನಾಯಿಯ ಮುಖಕ್ಕೆ ಹಿಡಿದೆ. ಇದು ನಮ್ಮ ಕೆಂಚಿ ಕುರಿಯ ಮರಿ, ನೂರಕ್ಕೆ ತೊಂಬತ್ತಾರು ಎಂದಿತು. ಆಗ ಅರ್ಥವಾಯಿತು. ನಾನು ಅದಕ್ಕೆ ನಲವತ್ತು ಹೆಸರು ಕಲಿಸಿದ್ದೆ, 'ಗೊತ್ತಿಲ್ಲ' ಎನ್ನಲು ಕಲಿಸಿರಲಿಲ್ಲ. ಯಾರನ್ನು ತೋರಿಸಿದರೂ ಆ ನಲವತ್ತರಲ್ಲೇ ಒಂದನ್ನು ಆರಿಸಿ, ಎದೆ ಸೆಟೆಸಿ ಹೇಳುತ್ತಿತ್ತು. ಉಳಿದ ಏಳಕ್ಕೆ ಹಿಡಿದಿದ್ದರೆ ಅವನ್ನೂ ನಮ್ಮವೇ ಎನ್ನುತ್ತಿತ್ತು, ನನಗೆ ಅಲ್ಲೇ ಗೊತ್ತಾಗುತ್ತಿತ್ತು. ಎಷ್ಟು ನಾಚಿಕೆಯಾಯಿತೆಂದರೆ ಫೋನನ್ನು ಕಾಲುವೆಗೆ ಎಸೆಯಬೇಕು ಅನ್ನಿಸಿತು.

ಆ ಹೆಣ್ಣುಮಗಳಿಗೆ ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಅಲ್ಲಿ ಆದದ್ದನ್ನು ಅವಳು ಹೇಳಿದಳು. ದಿನವೆಲ್ಲ ನಡೆದ ಕುರಿಗಳಲ್ಲಿ ಹಾಲಿಲ್ಲವೆಂದು ಎಳೆಮರಿಗಳನ್ನು ತಾಯಿಗೆ ಬಿಡದೆ, ಆಡಿನ ಹಾಲು ಕುಡಿಸಿ ಬೇರೆ ಕೂಡಿಹಾಕಿದ್ದಳು. ಸೋಮವಾರವೆಂದು ಅಷ್ಟಕ್ಕೂ ನೀಲಿ ಬಣ್ಣ ಹಚ್ಚಿದ್ದಳು. ನಮ್ಮ ಐದೂ ಅದರಲ್ಲಿ ಸೇರಿದ್ದವು. ಒಂದೆರಡು ಮರಿಗೆ ಆಡಿನ ಹಾಲು ಹಿಡಿಸದೆ ಹೊಟ್ಟೆ ಕೆಟ್ಟಿದೆ ಎಂದೂ ಹೇಳಿದಳು. ನಾಳೆ ಬಂದು ಒಯ್ಯುತ್ತೇವೆ ಎಂದರೆ, ಆಗುವುದಿಲ್ಲ ಎಂದಳು.

"ಬಣ್ಣ ಬಿದ್ದ ಮರಿ ನಾ ಕೈಯಾರೆ ಎತ್ತಿ ಕೊಡಂಗಿಲ್ಲ ತಂಗಿ, ನಮ್ಮಲ್ಲಿ ಹಾಂಗ ನಡದು ಬಂದಿಲ್ಲ. ತಾನಾಗಿ ನಡ್ಕೊಂತ ದೊಡ್ಡಿ ಬಲಿ ದಾಟಿ ಹೋದ್ರ ತಡ್ಯಾಂಗಿಲ್ಲ."

ನಾನು ಸಿಟ್ಟಾದೆ. ದೊಡ್ಡವ್ವ ಆಗಲಿಲ್ಲ. ಅವಳ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದಳು. ತಾಯಿಕುರಿಗಳನ್ನೇ ಗಾಡಿಯಲ್ಲಿ ಒಯ್ಯೋಣವೆಂದರೆ, ಎಳೆಬಾಣಂತಿ ಕುರಿಗಳು ಗಾಡಿಯ ಕುಲುಕಾಟಕ್ಕೆ ಹೆದರಿ ಹಾಲು ಕಟ್ಟಿಕೊಳ್ಳುತ್ತವೆ, ಆಮೇಲೆ ಮರಿ ಸಿಕ್ಕೂ ಉಪಯೋಗವಿಲ್ಲ ಎಂದಳು. ಸ್ವಲ್ಪ ಹೊತ್ತು ಕುರಿಗಳ ಕೂಗನ್ನೇ ಕೇಳುತ್ತ ಕೂತವಳು ನನ್ನ ಕಡೆ ತಿರುಗಿದಳು.

"ತಾಯಿನ್ನ ಒಯ್ಯಾಕ ಬರಂಗಿಲ್ಲ. ದನಿ ಒಯ್ಯಾಕ ಬರ್ತದೇನು?"

ಮೂರು ವರ್ಷ ಕಂಪ್ಯೂಟರ್ ಓದಿದವಳಿಗೆ ಹೊಳೆಯದ ಪ್ರಶ್ನೆ ಅದು. ಮರಿ ನನಗೆ ಹೇಗೆ ಕಾಣುತ್ತದೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆನೇ ಹೊರತು, ತಾಯಿಯನ್ನು ಮರಿ ಹೇಗೆ ಗುರುತಿಸುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ್ಯಪನ್ನು ಬದಿಗಿಟ್ಟು ರೆಕಾರ್ಡ್ ಮಾಡಲು ಎದ್ದೆ.

ಮೊದಲು ಎಲ್ಲರೂ ಮಾಡುವಂತೆ ಮೆಸೇಜಿನ ವಾಯ್ಸ್ ನೋಟ್ ಒತ್ತಿ ಹಿಡಿದು, ದೊಡ್ಡವ್ವನಿಗೆ ಕೇಳಿಸಿದೆ. ಅವಳು ಮುಖ ಸಿಂಡರಿಸಿದಳು.

"ಇದು ಕುರಿ ಅಲ್ಲವ್ವಾ. ಗಡಿಗ್ಯಾಗ ಬಾಯಿ ಇಟ್ಟು ಯಾರೋ ಒದರಿದಂಗ ಅದ."

ಅವಳ ಮಾತು ಸರಿಯಾಗಿತ್ತು. ಆ ಸೌಲಭ್ಯ ಇರುವುದು ಮನುಷ್ಯರ ಮಾತಿಗೆ. ಕಡತ ಚಿಕ್ಕದಾಗಲಿ ಎಂದು ದನಿಯನ್ನು ಹಿಂಡಿ, ಮಾತಲ್ಲದ್ದನ್ನು ಗದ್ದಲವೆಂದು ತಿಳಿದು ಒರೆಸಿಬಿಡುತ್ತದೆ. ಕುರಿಯ ಕೂಗು ಅದರ ಪಾಲಿಗೆ ಗದ್ದಲ. ಬೇರೊಂದು ರೆಕಾರ್ಡರ್ ಇಳಿಸಿಕೊಂಡು, ಗದ್ದಲ ತಗ್ಗಿಸುವ ಆಯ್ಕೆಯನ್ನೆಲ್ಲ ಆಫ್ ಮಾಡಿ, ಹಿಂಡದ ಪೂರ್ತಿ ಕಡತವಾಗಿ ಉಳಿಸುವಂತೆ ಹೊಂದಿಸಿದೆ. ಗಾಳಿ ಮೈಕಿಗೆ ಬಡಿದು ಭುಸುಗುಡುತ್ತಿತ್ತು. ದೊಡ್ಡವ್ವ ಹಳೆಯ ಕಂಬಳಿಯ ಚೂರು ಹರಿದು ಮೈಕಿಗೆ ಸುತ್ತಿದಳು. ಭುಸುಗುಟ್ಟುವುದು ನಿಂತಿತು. ಒಂದೊಂದೇ ಕುರಿಯನ್ನು ಹಿಂಡಿನಿಂದ ದೂರ ಕರೆತಂದು ಐದರ ಕೂಗನ್ನೂ ಹಿಡಿದೆವು.

ಬೆಳಗಾದ ಮೇಲೆ ಒಂದು ತಮಾಷೆ ಮಾಡಿದೆ. ಕಡತಗಳನ್ನು ಕಲಸಿ, ಪರದೆ ಮುಚ್ಚಿ, ದೊಡ್ಡವ್ವನಿಗೆ ಕೇಳಿಸಿದೆ. ಚಹಾ ಸೋಸುತ್ತಲೇ, ತಲೆ ಎತ್ತದೆ, ಕೆಂಚಿ, ಮೋಟಗಿವಿ, ಕರಿಕಾಲಿ ಎಂದು ಐದರ ಹೆಸರನ್ನೂ ಹೇಳಿದಳು. ಮತ್ತೆ ಕಲಸಿದೆ, ಮತ್ತೆ ಹೇಳಿದಳು. ಲ್ಯಾಪ್‌ಟಾಪಿನಲ್ಲಿ ಐದೂ ದನಿಗಳ ಚಿತ್ರ ತೆಗೆದು ನೋಡಿದೆ. ಮೇಲೆ ಕೆಳಗೆ ಗೆರೆಗಳು, ಒಂದಕ್ಕೆ ನಡುವೆ ನಡುಕ, ಒಂದಕ್ಕೆ ಕೊನೆಯಲ್ಲಿ ಇಳಿತ, ಒಂದರ ಗೆರೆಗಳು ಹತ್ತಿರ ಹತ್ತಿರ. ಒಂದರಂತೆ ಒಂದಿಲ್ಲ. ಒಂದೇ ಕುರಿಯ ಹತ್ತು ಕೂಗು ತೆಗೆದರೆ ಹತ್ತೂ ಅಣ್ಣತಮ್ಮಂದಿರು. ಇಷ್ಟು ದಿನ ನಾನು ಬರೀ 'ಬ್ಯಾ' ಎಂದು ಕೇಳಿದ್ದ ಸದ್ದಿನೊಳಗೆ ಇಷ್ಟೊಂದು ಬರೆದಿತ್ತು, ಹತ್ತು ದಿನದ ಮರಿಗೆ ಅದನ್ನು ಓದಲು ಬರುತ್ತಿತ್ತು, ನಮ್ಮ ದೊಡ್ಡವ್ವನಿಗೂ ಬರುತ್ತಿತ್ತು.

ಊರಿನ ಮೂರು ಗಾಲಿಯ ಬಾಡಿಗೆ ಗಾಡಿ, ಟಂಟಂ ಒಂದನ್ನು ಗೊತ್ತುಮಾಡಿದೆವು. ಅದರ ಹಿಂದೆ ಎರಡು ದೊಡ್ಡ ಸ್ಪೀಕರ್ ಇದ್ದದ್ದೇ ನನಗೆ ಬೇಕಾದದ್ದು. ಐದು ಪರಕೀಯ ಮರಿಗಳನ್ನು ಬುಟ್ಟಿಯಲ್ಲಿಟ್ಟು ಸುರಪುರ ದಾಟಿ ಅವರ ಬೀಡು ಮುಟ್ಟಿದೆವು. ಆ ಹೆಣ್ಣುಮಗಳಿಗೆ ಅವಳ ಐದು ಮರಿಗಳನ್ನು ಒಪ್ಪಿಸಿದೆವು. ಕುರಿಗಳು ಮೇಯಲು ಹೋಗಿದ್ದವು. ಬಲೆಯೊಳಗೆ ನೀಲಿ ಹಣೆಯ ಎಳೆಮರಿಗಳು, ಒಂದೇ ಅಚ್ಚಿನವು. ಆ ಹೆಣ್ಣುಮಗಳು ಬಲೆಯ ಒಂದು ಗೂಟ ಕಿತ್ತು ಮೊಳದಗಲ ದಾರಿ ಬಿಟ್ಟು, ಪಕ್ಕಕ್ಕೆ ನಿಂತಳು.

ಫೋನನ್ನು ಟಂಟಂನ ಸ್ಪೀಕರಿಗೆ ಜೋಡಿಸಿದೆ. ಹಾಡು ಹಾಕುತ್ತಾಳೆಂದುಕೊಂಡಿದ್ದ ಡ್ರೈವರ್ ಕುರಿ ಕೂಗಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದ. ನಾನು ಐದೂ ಕೂಗುಗಳನ್ನು ಒಟ್ಟಿಗೆ ಪೋಣಿಸಿ, ಬಿಡುವಿಲ್ಲದೆ, ದೊಡ್ಡ ದನಿಯಲ್ಲಿ ಹಾಕಿದ್ದೆ. ಮರಿಗಳೆಲ್ಲ ಬೆದರಿ ಆಚೆಯ ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದವು. ಆ ಹೆಣ್ಣುಮಗಳು ಬಾಯಿಗೆ ಸೆರಗು ಹಿಡಿದಳು. ನಕ್ಕಳೋ ಮರುಗಿದಳೋ ಗೊತ್ತಾಗಲಿಲ್ಲ.

ದೊಡ್ಡವ್ವ ನನ್ನ ಕೈ ಹಿಡಿದಳು. "ತಾಯಿ ಒಂದ್ಸಲ ಕರದು ಸುಮ್ನ ನಿಂದರ್ತಾಳ. ಮರಿ ಏನಂತದ ಕೇಳಬೇಕಲ್ಲ?"

ಟಂಟಂನ ನೆರಳಲ್ಲಿ ಕೂತು ಕಡತಗಳನ್ನು ಕತ್ತರಿಸಿದೆ. ಒಂದು ಕೂಗು, ಆಮೇಲೆ ಅವಳು ಬೆರಳು ಮಡಿಸಿ ತೋರಿಸಿದಷ್ಟು ಹೊತ್ತು ಮೌನ, ಮತ್ತೊಂದು ಕೂಗು. ಒಂದು ಸಲಕ್ಕೆ ಒಬ್ಬಳೇ ತಾಯಿ. ದನಿ ಅರ್ಧಕ್ಕೆ ಇಳಿಸಿ ಕೆಂಚಿಯ ಕೂಗು ಹಾಕಿದೆ. ಏನೂ ಆಗಲಿಲ್ಲ. ಎರಡನೆಯ ಕೂಗಿಗೆ ಮೂಲೆಯ ಗುಂಪಿನಲ್ಲಿ ಒಂದೇ ಒಂದು ತಲೆ ಎದ್ದಿತು. ಮೂರನೆಯದು ಮುಗಿದು ಮೌನ ಬಂದಾಗ ಆ ಮರಿ ತೆಳ್ಳಗೆ ಉತ್ತರ ಕೊಟ್ಟಿತು. ಆಮೇಲೆ ಉಳಿದವನ್ನು ಸೀಳಿಕೊಂಡು, ಬಾಲ ನಿಗುರಿಸಿ, ಗೂಟದ ಸಂದಿಯಿಂದ ನೆಟ್ಟಗೆ ಓಡಿಬಂದು ಟಂಟಂನ ಸ್ಪೀಕರ್ ಡಬ್ಬಿಯ ಕೆಳಗೆ ಮೂತಿ ತೂರಿಸಿ ಕೆಚ್ಚಲು ಹುಡುಕತೊಡಗಿತು.

ಡ್ರೈವರ್ ಕೂಡ ಸೀಟಿನಿಂದ ಇಳಿದು ಬಂದು ನಿಂತ. ನನ್ನ ಕಣ್ಣುಗಳು ಒದ್ದೆಯಾಗಿದ್ದವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪರದೆಯ ಮೇಲೆ ಸಾವಿರ ಸಲ ಗುಂಡಿ ಒತ್ತಿದ್ದೇನೆ, ಒತ್ತಿದ್ದಕ್ಕೆ ಒಂದು ಜೀವ ಓಡಿ ಬಂದದ್ದು ಅದೇ ಮೊದಲು. ಮೋಟಗಿವಿಯ ದನಿ ಹಾಕಿದೆ, ಅದರ ಮರಿ ಬಂತು. ಕರಿಕಾಲಿಯ ಮರಿ ಬಂತು. ನಾಲ್ಕನೆಯದೂ ಬಂತು. ಪ್ರತಿ ಸಲವೂ ಉಳಿದ ಮರಿಗಳು ಒಂದು ಕ್ಷಣ ಆಲಿಸಿ, ಇದು ನಮ್ಮವ್ವ ಅಲ್ಲ ಎಂದು ತಲೆ ತಗ್ಗಿಸುತ್ತಿದ್ದವು. ನಾನು ಆ್ಯಪಿಗೆ ಕಲಿಸದೆ ಬಿಟ್ಟ ಮಾತು ಅವಕ್ಕೆ ಹುಟ್ಟುತ್ತಲೇ ಗೊತ್ತಿತ್ತು.

ಐದನೆಯದು ಬರಲಿಲ್ಲ. ಅದರ ತಾಯಿ ಚುಕ್ಕಿಯ ದನಿಯನ್ನು ಎಷ್ಟು ಸಲ ಹಾಕಿದರೂ ಯಾವ ತಲೆಯೂ ಏಳಲಿಲ್ಲ. ದೊಡ್ಡವ್ವ ಬಲೆಯ ಹೊರಗಿನಿಂದಲೇ ಬಗ್ಗಿ ಬಗ್ಗಿ ನೋಡಿ, ಹಿಂದೆ ಗೋಣಿತಟ್ಟಿನ ಮೇಲೆ ಮಲಗಿದ್ದ ಒಂದನ್ನು ತೋರಿಸಿದಳು. ಆಡಿನ ಹಾಲು ಹಿಡಿಸದಿದ್ದ ಮರಿ. ದನಿ ಬಂದಾಗ ಅದರ ಕಿವಿ ಮಾತ್ರ ಅಲುಗುತ್ತಿತ್ತು. ಎದ್ದು ನಡೆಯದ ಹೊರತು ಅದನ್ನು ನಾವು ಮುಟ್ಟುವಂತಿರಲಿಲ್ಲ. ಆ ಹೆಣ್ಣುಮಗಳೂ ಅದನ್ನೇ ನೋಡುತ್ತಿದ್ದಳು. ಇನ್ನೊಂದು ಹಗಲು ಅದು ಇಲ್ಲಿ ಉಳಿದರೆ ಬದುಕುವುದಿಲ್ಲ ಎಂದು ಮೂವರಿಗೂ ತಿಳಿದಿತ್ತು.

ನಾನು ದನಿ ಏರಿಸಲು ಹೋದೆ. ದೊಡ್ಡವ್ವ ತಡೆದಳು.

"ಮಲಗಿದ ಮರಿಗಿ ತಾಯಿ ಒದರಂಗಿಲ್ಲ. ಸಣ್ಣಗ ಮಾತಾಡ್ತಾಳ," ಎಂದಳು.

ಹೆತ್ತ ಮರಿಯನ್ನು ನೆಕ್ಕುವಾಗ ಕುರಿ ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಗುಟುರು ಹಾಕುತ್ತದಲ್ಲ, ಅದು. ನಾವು ಹಿಡಿದ ಕೂಗುಗಳಲ್ಲಿ ಅದು ಇರಲಿಲ್ಲ. ಆದರೆ ಚುಕ್ಕಿ ಈದ ದಿನ ನಾನು ತೆಗೆದ ವಿಡಿಯೊ ವೆಬ್ ಪುಟದಲ್ಲಿತ್ತು. ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿಬಿಟ್ಟಿದ್ದೆ. ಪುಟ ತೆರೆದೆ. ಅಲ್ಲಿ ಫೋನಿಗೆ ಸಿಗ್ನಲ್ಲಿನ ಒಂದೇ ಗೆರೆ. ದೊಡ್ಡ ದೊಡ್ಡ ಫೋಟೊಗಳನ್ನು ಹಾಗೆಯೇ ತುಂಬಿದ್ದ ನನ್ನ ಪುಟ ತೆವಳಿತು. ಪುಟ ಹಗುರ ಮಾಡು ಎಂದು ಸರ್ ಎರಡು ಸಲ ಹೇಳಿದ್ದರು. ಡ್ರೈವರ್ ತನ್ನ ಫೋನಿನ ನೆಟ್ ಹಂಚಿದ. ಟಂಟಂನ ಮೇಲೆ ಹತ್ತಿ ಎರಡೂ ಫೋನು ಎತ್ತಿ ಹಿಡಿದು ನಿಂತೆ. ಕೊನೆಗೆ ವಿಡಿಯೊ ಓಡಿತು.

ಸ್ಪೀಕರಿನಿಂದ ಬಂದ ಆ ಗುಟುರು ಎಷ್ಟು ಮೆಲ್ಲಗಿತ್ತೆಂದರೆ, ಅದರ ನಡುವೆ ದೊಡ್ಡವ್ವ ಆ ದಿನ ಏನೋ ಗುನುಗಿದ್ದೂ ಕೇಳಿಸಿತು. ಮರಿ ತಲೆ ಎತ್ತಿತು. ಮುಂಗಾಲು ಊರಿತು, ಜಾರಿತು, ಮತ್ತೆ ಊರಿತು. ಎದ್ದು ನಿಂತು ನಡುಗುತ್ತ ಹೆಜ್ಜೆ ಇಟ್ಟಿತು. ನಾನು ಅಷ್ಟು ಬಲವಾಗಿ ಯಾರಿಗೂ ಯಾವುದಕ್ಕೂ ಹಾರೈಸಿದ್ದಿಲ್ಲ. ದೊಡ್ಡಿಯ ಉದ್ದಕ್ಕೂ ನಡೆದು ಬಂದ ಮರಿ, ಸಂದಿಗೆ ಇನ್ನೊಂದು ಗೇಣು ಇರುವಾಗ ಮಂಡಿ ಮಡಿಸಿ ಕುಸಿಯಿತು. ದೊಡ್ಡವ್ವ ಕೈ ಚಾಚಿದವಳು ಹಿಂತೆಗೆದುಕೊಂಡಳು. ವಿಡಿಯೊ ಮುಗಿಯಿತು. ಮತ್ತೆ ಹಾಕಿದೆ. ಅದು ಕುತ್ತಿಗೆಯನ್ನು ನಮ್ಮ ಕಡೆಗೆ ಚಾಚಿತು, ಏಳಲು ಆಗಲಿಲ್ಲ.

ಆ ಹೆಣ್ಣುಮಗಳು ಮರಿಯ ಹತ್ತಿರ ಬಂದಳು. ಮರಿಯನ್ನು ಮುಟ್ಟಲಿಲ್ಲ. ಸಂದಿಯ ಎಡಕ್ಕಿದ್ದ ಗೂಟ ಕಿತ್ತಳು, ಬಲಕ್ಕಿದ್ದ ಗೂಟವನ್ನೂ ಕಿತ್ತಳು, ಬಲೆಯನ್ನು ಎತ್ತಿ ಮರಿಯ ಬೆನ್ನ ಹಿಂದೆ ಇಳಿಸಿದಳು. ಕಲ್ಲೆತ್ತಿ ಎರಡೂ ಗೂಟಗಳನ್ನು ಅಲ್ಲೇ, ಗಟ್ಟಿಯಾಗಿ, ಮತ್ತೆ ಬಡಿದಳು. ಈಗ ಮರಿ ಬಲೆಯ ಹೊರಗಿತ್ತು.

"ನಡೀತಲ್ಲ," ಎಂದಳು. "ಒಯ್ರಿ."